ಬೋಂಡಾ ಕೈಯಲ್ಲಿ, ಶಾಸ್ತ್ರ ಬಾಯಲ್ಲಿ
ಹಲಸೂರಿನ ಬಜಾರ್ ಬೀದಿಯಲ್ಲಿ ಈರುಳ್ಳಿ ಬೋಂಡಾ ಮೆಲ್ಲುತ್ತಲೇ ಹಿರಿಯರೊಬ್ಬರು ಸಲಿಂಗಪ್ರೇಮ ಶಾಸ್ತ್ರವಿರುದ್ಧ ಎಂದು ಗುಡುಗಿದರು. ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ ಬೇಕೆಂದೇ ಈರುಳ್ಳಿ ತಿಂದ ದ್ವಿಜನೂ ಪತಿತನೇ. ಗಂಡು ಗಂಡನ್ನು ಕೂಡಿದರೆ ಜಾತಿ ಕೆಡುತ್ತದೆ ಎನ್ನುವ ಹನ್ನೊಂದನೆಯದು, ಮುಂದೊಂದು ಶ್ಲೋಕದಲ್ಲಿ ಅದರ ಪ್ರಾಯಶ್ಚಿತ್ತಕ್ಕೆ ಉಟ್ಟ ಬಟ್ಟೆಯಲ್ಲೇ ಮೀಯಲು ಹೇಳುತ್ತದೆ. ಹಗಲಲ್ಲಿ ಹೆಣ್ಣನ್ನು ಕೂಡಿದವನಿಗೂ ಅದೇ ಸ್ನಾನ! ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಸಿಗಡಿ ಆರಿಸುವವರಿಗೂ ಗಂಡು ಗಂಡನ್ನು ಕೂಡುವುದು ಹೇಯವೆನ್ನುವ ಬೈಬಲಿನ ಯಾಜಕಕಾಂಡದ ಹದಿನೆಂಟನೇ ಅಧ್ಯಾಯವಷ್ಟೇ ನೆನಪು. ಸಿಗಡಿಯನ್ನೂ ಹೇಯವೆನ್ನುವ ಹನ್ನೊಂದನೆಯದು ಮರೆವು. ಸಲಿಂಗಪ್ರೇಮಿಗಳನ್ನು ಜೈಲಿಗಟ್ಟುತ್ತಿದ್ದ ದಂಡಸಂಹಿತೆಯ 377ನೇ ಕಲಮಂತೂ ಋಷಿಗಳದ್ದಲ್ಲ, ನಮ್ಮ ಬೆಂಗಳೂರು ದಂಡು ಕಟ್ಟಿದ ಬ್ರಿಟಿಷರ 1860ರ ಕಾಣಿಕೆ. ಪರಸ್ಪರ ಒಪ್ಪಿದ ವಯಸ್ಕರನ್ನು ಸುಪ್ರೀಂ ಕೋರ್ಟ್ ಅದರಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಶಾಸ್ತ್ರ ಹೇಳುವುದಾದರೆ ಪೂರ್ತಿ ಹೇಳಿ ಸ್ವಾಮಿ, ಮೊದಲು ಬೋಂಡಾ ಕೆಳಗಿಡಿ.