ಆಡಲು ಹೊರಡುವ ಮುನ್ನ ವೀಸಾ ನೋಡಿ

ಗಲ್ಫ್ ವೀಸಾ ಬ್ಯಾರಿ ಮನೆಗಳಿಗೆ ಹೊಸತಲ್ಲ. ಈಗ ನಮ್ಮ ಹುಡುಗರು ಅಂಗಡಿ, ಆಫೀಸಿನ ಕೆಲಸಕ್ಕೆ ಮಾತ್ರವಲ್ಲ, ಫುಟ್‌ಬಾಲ್, ಕ್ರಿಕೆಟ್ ಆಡಲು, ಕೋಚ್ ಆಗಲು ಕೂಡ ವಿದೇಶದ ಕನಸು ಕಾಣುತ್ತಿದ್ದಾರೆ. ಸಂತೋಷವೇ. ಆದರೆ "ಮೊದಲು ವಿಸಿಟ್‌ನಲ್ಲಿ ಬಾ, ಮತ್ತೆ ನೋಡುವ" ಎಂಬ ಏಜೆಂಟರ ಮಾತು ನಂಬುವುದು ಬೇಡ. ವಿಸಿಟ್ ವೀಸಾದಲ್ಲಿ ಸಂಬಳಕ್ಕೆ ದುಡಿಯುವುದು ಯುಎಇಯಲ್ಲೂ, ಬ್ರಿಟನ್‌ನಲ್ಲೂ ಕಾನೂನುಬಾಹಿರ.

ಉನ್ನತ ಮಟ್ಟದ ಆಟಗಾರರಿಗೆ, ಕೋಚ್‌ಗಳಿಗೆ ಬ್ರಿಟನ್ 2021ರ ಅಕ್ಟೋಬರ್‌ನಿಂದ ಪ್ರತ್ಯೇಕ ವೀಸಾ ಕೊಡುತ್ತಿದೆ. ಅದಕ್ಕೆ ಕ್ಲಬ್ ಕರೆದರೆ ಸಾಲದು, ಆ ಕ್ರೀಡೆಯ ಆಡಳಿತ ಮಂಡಳಿಯ ಒಪ್ಪಿಗೆಯೂ ಬೇಕು. 12 ತಿಂಗಳಿಗಿಂತ ಹೆಚ್ಚು ನಿಲ್ಲುವುದಾದರೆ ಇಂಗ್ಲಿಷ್ ಕೂಡ ಬರಬೇಕು. ಅಮೆರಿಕದ ಪಿ-1 ವೀಸಾ ಅಂತಾರಾಷ್ಟ್ರೀಯ ಮನ್ನಣೆ ಇರುವ ಆಟಗಾರರಿಗೆ. ಊರಿನ ಅಂಡರ್‌ಆರ್ಮ್ ಟ್ರೋಫಿಗಳು ಶೋಕೇಸ್ ತುಂಬ ಇದ್ದರೂ ಅಲ್ಲಿ ಲೆಕ್ಕಕ್ಕೆ ಬಾರವು.

ಇನ್ನೊಂದು ಮಾತು. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿರುತ್ತದೆ. ಗಲ್ಫ್‌ಗೆ ಕೆಲಸಕ್ಕೆ ಹೋಗಲು ಸರಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾಗುತ್ತದೆ. ಆಟದ ಆಸೆಗೆ ಶಾಲೆ ಬಿಟ್ಟ ಹುಡುಗನಿಗೆ ಆ ಆಟದ ದಾರಿಯೇ ಕಷ್ಟವಾಗುತ್ತದೆ.

ಮಗನಿಗೆ ಬೂಟು ತೆಗೆದುಕೊಡುವ ಉಮ್ಮ-ಬಾಪ ಅವನ ಪುಸ್ತಕವನ್ನೂ ವಿಚಾರಿಸಲಿ. ಜಮಾಅತ್‌ಗಳು, ನಮ್ಮ ಯುವಕರ ಕ್ಲಬ್‌ಗಳು ಟೂರ್ನಮೆಂಟಿಗೆ ಖರ್ಚು ಮಾಡುವ ದುಡ್ಡಲ್ಲಿ ಸ್ವಲ್ಪವನ್ನು ಒಬ್ಬಿಬ್ಬರ ಕೋಚಿಂಗ್ ಲೈಸೆನ್ಸ್‌ಗೆ ಇಡಲಿ.