ಹೆಸರು ಆಮೇಲೆ ಇಡಿ, ಮೊದಲು ಬಲ್ಬ್ ತನ್ನಿ

ಆಫೀಸಿನ ವಾಟ್ಸಾಪ್ ಗ್ರೂಪಲ್ಲಿ ಸೋಮವಾರ ಸಹೋದ್ಯೋಗಿಯೊಬ್ಬರು ಫೋಟೋ ಹಾಕಿದ್ರು. ಶನಿವಾರ ಅವರ ಮನೆಗೆ ಹತ್ತು ಕೋಳಿಮರಿ ಬರ್ತಾವಂತೆ. ಮಗಳು ಹತ್ತಕ್ಕೂ ಹೆಸರು ಬರೆದಿಟ್ಟು, ರಟ್ಟಿನ ಡಬ್ಬಕ್ಕೆ ಬಣ್ಣದ ಕಾಗದ ಅಂಟಿಸಿದ್ದಾಳೆ. ಕೆಳಗೆ ಸಾಲುಸಾಲು ಹಾರ್ಟು. ನಾನು "ಬಲ್ಬ್ ಎಷ್ಟು ವ್ಯಾಟಿಂದು?" ಅಂತ ಕೇಳಿದೆ. "ನಿಂದು ಶುರುವಾಯ್ತಾ" ಅಂದ್ರು.

ಹೌದು, ಶುರುವಾಯ್ತು.

"ಹಳ್ಳೀಲಿ ಕೋಳಿ ತಾನಾಗೇ ಬೆಳೆಯುತ್ತಲ್ವಾ, ಅದಕ್ಕೇನು ಮಹಾ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಆ 'ತಾನಾಗೇ' ಅನ್ನೋದಕ್ಕೆ ನಮ್ಮೂರಲ್ಲಿ ಹೇಂಟೆ ಅಂತಾರೆ. ಅಮ್ಮ ಬುಟ್ಟೀಲಿ ಹುಲ್ಲು ಹಾಸಿ, ಮೊಟ್ಟೆ ಜೋಡಿಸಿ, ಕಾವಿಗೆ ಬಂದ ಹೇಂಟೆಯನ್ನು ಕೂರಿಸೋಳು. 21 ದಿನಕ್ಕೆ ಮರಿ. ಆಮೇಲೆ ಚಳಿ, ಮಳೆ, ಹದ್ದು ಎಲ್ಲಾ ಹೇಂಟೆಯ ಡಿಪಾರ್ಟ್‌ಮೆಂಟು. ಹ್ಯಾಚರಿಯಿಂದ ಬರೋ ಡಬ್ಬದಲ್ಲಿ ಅದೊಂದು ಇರಲ್ಲ. ಆ ಕೆಲಸ ನಿಮ್ಮ ತಲೆ ಮೇಲೆ ಬಿತ್ತು ಅಂತಲೇ ಅರ್ಥ.

ಇದನ್ನೆಲ್ಲ ನೋಡಿಯೇ ಬೆಳೆದ ನಾನು ಏನು ಮಾಡಿದೆ ಕೇಳಿ. ಲಾಕ್‌ಡೌನ್ ಟೈಮಲ್ಲಿ ಬಾಡಿಗೆ ಮನೆಯ ಟೆರೇಸ್ ರೂಮಿಗೆ ಹನ್ನೆರಡು ಗಿರಿರಾಜ ಮರಿ ತಂದೆ. ಡಬ್ಬದೊಳಗೆ ನ್ಯೂಸ್‌ಪೇಪರ್, ಮೇಲೆ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬ್. ಬೆಳಕೇನೋ ಚೆನ್ನಾಗಿತ್ತು. ಎರಡನೇ ರಾತ್ರಿ ರಿಲೀಸ್ ಇತ್ತು, ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ. ಚಳಿಯಾದ ಮರಿ ಸುಮ್ಮನಿರಲ್ಲ, ಚೀರುತ್ತೆ. ನನಗೆ ಕೇಳಿಸಲಿಲ್ಲ. ಬೆಳಿಗ್ಗೆ ನೋಡಿದರೆ ಎಲ್ಲಾ ಒಂದು ಮೂಲೇಲಿ ಗುಡ್ಡೆ ಬಿದ್ದಿದ್ದವು. ಬಿಸಿಗಾಗಿ ಒಂದರ ಮೇಲೊಂದು ಹತ್ತಿ, ಅಡಿಯಲ್ಲಿದ್ದ ಏಳು ಉಸಿರುಗಟ್ಟಿ ಸತ್ತಿದ್ದವು. ಉಳಿದ ಐದರಲ್ಲಿ ಒಂದಕ್ಕೆ ನುಣುಪು ಪೇಪರ್ ಮೇಲೆ ಜಾರಿ ಜಾರಿ ಕಾಲು ಅಗಲಕ್ಕೆ ಹೋಗಿತ್ತು. ಅಮ್ಮನಿಗೆ ಫೋನ್ ಮಾಡಿದೆ. "ಬೆಳಕು ಹಾಕಿದ್ಯೋ, ಕಾವು ಹಾಕಿದ್ಯೋ?" ಅಂದಳು. ಬಿಇ ಮಾಡಿದವನಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಮೊದಲ ವಾರ ಸುಮಾರು 35 ಡಿಗ್ರಿ ಕಾವು ಬೇಕು. ಪುಕ್ಕ ಬರೋವರೆಗೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸ್ತಾ ಹೋಗಬೇಕು. ಅದಕ್ಕೆ ಹಳೇ ಕಾಲದ ತಂತಿ ಬಲ್ಬೇ ಆಗಬೇಕು, ಮರಿ ಬರೋ ಹಿಂದಿನ ದಿನವೇ ಹಾಕಿಟ್ಟು ಡಬ್ಬ ಬೆಚ್ಚಗಾಗಿರಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಪರವಾಗಿಲ್ಲ, ಮರಿಗಳೇ ಹೇಳ್ತಾವೆ: ಬಲ್ಬಿನ ಕೆಳಗೆ ಒತ್ತೊತ್ತಾಗಿ ನಿಂತರೆ ಚಳಿ, ದೂರ ಹೋಗಿ ಬಾಯಿ ಕಳೆದರೆ ಸೆಕೆ, ಹರಡಿಕೊಂಡು ಮಲಗಿದ್ರೆ ಸರಿಯಾಗಿದೆ. ಕೆಳಗೆ ಭತ್ತದ ಹೊಟ್ಟು, ನೀರಿನ ತಟ್ಟೇಲಿ ಮುಳುಗದ ಹಾಗೆ ನಾಲ್ಕು ಬೆಣಚುಕಲ್ಲು. ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ, ಪಶು ಆಸ್ಪತ್ರೇಲಿ ಕೇಳಿ. ಲ್ಯಾಪ್‌ಟಾಪಿಗೆ ಯುಪಿಎಸ್ ಇಟ್ಟಿರೋ ನೀವು ಕರೆಂಟ್ ಹೋದ್ರೆ ಮರಿಗೇನು ಗತಿ ಅಂತ ಯೋಚಿಸಿದ್ದೀರಾ? ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಸಾಕು. ಆದ್ರೆ ಅದನ್ನ ಕಾಯಿಸೋಕೆ ಮಧ್ಯರಾತ್ರಿ ಯಾರೋ ಒಬ್ಬರು ಏಳಬೇಕು.

"ಇಷ್ಟು ತಲೆ ಕೆಡಿಸಿಕೊಂಡರೆ ಮಕ್ಕಳಿಗೆ ಪ್ರಕೃತಿ ತೋರಿಸೋದು ಹೇಗೆ?" ಅಂತ ಗ್ರೂಪಲ್ಲಿ ಇನ್ನೊಬ್ಬರು ಬುದ್ಧಿ ಹೇಳಿದ್ರು. ಸ್ವಾಮೀ, ನಾಲ್ಕನೇ ದಿನ ಸತ್ತ ಮರಿಯನ್ನ ಮಗು ಏಳೋ ಮುಂಚೆ ಕವರಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿ, "ಅದು ಅಮ್ಮನ ಹತ್ರ ಹೋಯ್ತು ಪುಟ್ಟಾ" ಅಂತೀರಲ್ಲ, ಅದು ಯಾವ ಪ್ರಕೃತಿ? ಜಾತ್ರೇಲಿ ಗುಲಾಬಿ, ಹಸಿರು ಬಣ್ಣ ಬಳಿದ ಮರಿ ಕೊಡಿಸೋರ ಕಥೆಯೂ ಇದೇ.

ಬದುಕಿದ್ರೆ ಇನ್ನೊಂದು ತಾಪತ್ರಯ. ಹತ್ತರಲ್ಲಿ ಅರ್ಧದಷ್ಟು ಹುಂಜ ಆಗ್ತಾವೆ, ಬೆಳಗಿನ ಜಾವ ನಾಲ್ಕಕ್ಕೆ ಕೂಗ್ತಾವೆ. ಅಸೋಸಿಯೇಷನ್‌ನವರು ಬಂದು ಬೆಲ್ ಒತ್ತಿದಾಗ ಹೆಸರಿಟ್ಟ ಹುಂಜ ಎಲ್ಲಿಗೆ ಹೋಗಬೇಕು? ನಮ್ಮನೇಲಿ ಸಾರಿಗೆ ಹೋಗ್ತಿತ್ತು, ಅದನ್ನ ಯಾರೂ ನನ್ನಿಂದ ಮುಚ್ಚಿಡ್ತಿರಲಿಲ್ಲ. ನಿಮ್ಮನೇಲಿ ಏನು ಅಂತ ಈಗಲೇ ಮಗಳ ಜೊತೆ ಕೂತು ಮಾತಾಡಿ.

ಇವತ್ತು ಶುಕ್ರವಾರ. ಡಬ್ಬದ ಹೊಸ ಫೋಟೋ ಬಂದಿದೆ, ಈ ಸಲ ರಿಬ್ಬನ್ ಕಟ್ಟಿದ್ದಾರೆ. ಜೂಮ್ ಮಾಡಿ ನೋಡಿದೆ. ಬಲ್ಬ್ ಇನ್ನೂ ಕಾಣಿಸ್ತಿಲ್ಲ.