ಕ್ಯಾಮೆರಾ ಮುಂದೆ ಅಳಲಿಲ್ಲ ಎಂಬ ಆಕ್ಷೇಪಕ್ಕೆ

2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳೆದುರು ಶರಣಾದರು. ಶೃಂಗೇರಿ ಸೀಮೆಯ ಮುಂಡಗಾರು ಲತಾ ಅವರಲ್ಲೊಬ್ಬರು. ಫೆಬ್ರುವರಿ ಮೊದಲ ದಿನ ಚಿಕ್ಕಮಗಳೂರಿನಲ್ಲಿ ಕೋಟೆಹೊಂಡ ರವೀಂದ್ರರ ಸರದಿ. ಅವರು ಕ್ಯಾಮೆರಾ ಮುಂದೆ ಅಳಲಿಲ್ಲ, ಪಶ್ಚಾತ್ತಾಪ ತೋರಲಿಲ್ಲ ಎಂದು ಆಗ ಎದ್ದ ಆಕ್ಷೇಪಗಳು ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಹೋಟೆಲು ಬೆಂಚುಗಳ ಮೇಲೆ ಇನ್ನೂ ಆರಿಲ್ಲ.

‘ಅಪರಾಧ ಮಾಡುವವರಿಗೆ ಪಾಪಪ್ರಜ್ಞೆಯೇ ಇರುವುದಿಲ್ಲ’ ಎಂಬುದು ಮೊದಲನೆಯದು. ಇಲ್ಲದಿದ್ದರೆ ಅವರಿಗೆ ಅಷ್ಟೊಂದು ಸಬೂಬು ಯಾಕೆ ಬೇಕು? ಹಸಿ ಅಡಿಕೆ ಕದ್ದವನು ‘ಅವರಿಗೇನು ಕಮ್ಮಿ, ಎಸ್ಟೇಟೇ ಇದೆ’ ಅನ್ನುತ್ತಾನೆ. ಶಿಕಾರಿಗೆ ಹೋಗಿ ಸಿಕ್ಕಿಬಿದ್ದವನು ‘ಫಾರೆಸ್ಟಿನವರೇನು ಸಾಚಾಗಳಾ?’ ಎಂದು ಕೇಳುತ್ತಾನೆ. ಬಂದೂಕು ಹಿಡಿದವನು ‘ಜನರಿಗಾಗಿ ಮಾಡಿದೆ’ ಎನ್ನುತ್ತಾನೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಸೈಕ್ಸ್ ಮತ್ತು ಮಾಟ್ಜಾ 1957ರಲ್ಲೇ ಇಂಥ ಸಬೂಬುಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ಒಳಗೆ ಚುಚ್ಚುವುದು ಇರುವುದರಿಂದಲೇ ಅದನ್ನು ಮುಚ್ಚಲು ಮಾತು ಬೇಕಾಗುತ್ತದೆ ಎಂಬುದು ಅವರ ವಾದ. ಏನೂ ಚುಚ್ಚದವರೂ ಇದ್ದಾರೆ, ಒಪ್ಪೋಣ. ಅವರನ್ನೇ ಅಳತೆಗೋಲು ಮಾಡಿಕೊಳ್ಳಬೇಕಿಲ್ಲ.

‘ಹಾಗೆ ಚುಚ್ಚುವುದು ಪಶ್ಚಾತ್ತಾಪವಲ್ಲ, ಬರೀ ಹೆದರಿಕೆ’ ಎನ್ನುತ್ತಾರೆ ಇನ್ನು ಕೆಲವರು. ನಮ್ಮ ಕಡೆ ತಪ್ಪು ಕಾಣಿಕೆ ಎಂದು ಬಟ್ಟೆಯಲ್ಲಿ ದುಡ್ಡು ಕಟ್ಟಿಟ್ಟು, ಅನುಕೂಲವಾದಾಗ ಧರ್ಮಸ್ಥಳಕ್ಕೆ ಮುಟ್ಟಿಸುವವರಿಲ್ಲವೇ? ಅದರಲ್ಲಿ ಹೆದರಿಕೆ ಎಷ್ಟು, ನೋವು ಎಷ್ಟು ಎಂದು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ. ಹೆಚ್ಚು ಮುಖ್ಯವಾದ ವ್ಯತ್ಯಾಸ ಬೇರೆ ಕಡೆ ಇದೆ. ಮನೋವಿಜ್ಞಾನಿ ಜೂನ್ ಟ್ಯಾಂಗ್ನಿ ಮತ್ತು ಸಂಗಡಿಗರು ಅಮೆರಿಕದ ಜೈಲೊಂದರ ಕೈದಿಗಳನ್ನು ಬಿಡುಗಡೆಯ ನಂತರವೂ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ನಾನು ಮಾಡಿದ್ದು ತಪ್ಪು’ ಎಂದು ನೊಂದುಕೊಳ್ಳುವ ಸ್ವಭಾವದವರು ಮತ್ತೆ ಅಪರಾಧಕ್ಕಿಳಿದದ್ದು ಕಡಿಮೆ. ‘ನಾನೇ ಕೆಟ್ಟವನು’ ಎಂಬ ಅವಮಾನದಲ್ಲಿ ಬೆಂದು, ತಪ್ಪನ್ನು ಬೇರೆಯವರ ತಲೆಗೆ ಕಟ್ಟಿದವರು ಮತ್ತೆ ಅದೇ ದಾರಿ ಹಿಡಿದದ್ದು ಹೆಚ್ಚು. ‘ನಿನ್ನ ಜನ್ಮಕ್ಕಿಷ್ಟು’ ಎಂದು ಊರೆಲ್ಲ ಸೇರಿ ಉಗಿದರೆ ಹುಟ್ಟುವುದು ಈ ಎರಡನೆಯದು.

‘ಹಾಗಾದರೆ ಶರಣಾದವರು ತಪ್ಪಾಯಿತು ಅನ್ನಬೇಕಿತ್ತಲ್ಲ?’ ಆಗ ಅವರ ಮೇಲಿನ ಕೇಸುಗಳು ಇತ್ಯರ್ಥವಾಗಿರಲಿಲ್ಲ. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ನುಡಿಯುವಂತೆ ಬಲವಂತ ಮಾಡಕೂಡದು ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಯಾವ ವಕೀಲನೇ ಆದರೂ ಕೊಡುವ ಮೊದಲ ಸಲಹೆ ಬಾಯಿ ಮುಚ್ಚಿಕೊಂಡಿರು ಎಂಬುದೇ. ಇನ್ನು ಅವರು ಅತ್ತಿದ್ದರೆ? ಇದೇ ಬೆಂಚಿನವರು ‘ನಾಟಕ’ ಎನ್ನುತ್ತಿದ್ದರು. ತೀರ್ಪಾದ ಮೇಲೆ ಶಿಕ್ಷೆಯ ಪ್ರಮಾಣ ಕೇಳುವಾಗ ‘ವಯಸ್ಸಾದ ತಾಯಿ ಇದ್ದಾಳೆ ಸ್ವಾಮಿ, ಸಣ್ಣ ಮಕ್ಕಳು’ ಎಂದು ಕೈಮುಗಿಯುವವನನ್ನೂ ನಾವು ನಂಬುವುದಿಲ್ಲವಲ್ಲ.

‘ಜೈಲಿನಲ್ಲಿ ಯಾರೂ ಬದಲಾಗುವುದಿಲ್ಲ’ ಎನ್ನುವವರು ಮೈಸೂರಿನ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರ ಕೆಲಸ ನೋಡಬೇಕು. ‘ಮ್ಯಾಕ್‌ಬೆತ್’ನ ಕನ್ನಡ ರೂಪ ‘ಮಾರನಾಯಕ’ವನ್ನು ಅವರು ಕೈದಿಗಳಿಂದಲೇ ಆಡಿಸಿದರು. ಕೊಂದವನ ನಿದ್ದೆಗೆಟ್ಟ ರಾತ್ರಿಗಳನ್ನು ಕೊಲೆ ಕೇಸಿನಲ್ಲಿ ಒಳಗಿರುವವನು ಅಭಿನಯಿಸುವುದು ಎಂದರೇನು ಎಂದು ಒಂದು ಕ್ಷಣ ಯೋಚಿಸಿ.

ನನಗೆ ಸುಲಭದ ಉತ್ತರ ಸಿಗದ ಆಕ್ಷೇಪ ಒಂದೇ: ‘ಸತ್ತವರ ಮನೆಯವರ ಗತಿ?’ 2005ರ ಫೆಬ್ರುವರಿ 6ರಂದು ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರ್‌ನಲ್ಲಿ ಸತ್ತರು. ಕೆಲವೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರು ನಕ್ಸಲರ ಗುಂಡಿಗೆ ಬಲಿಯಾದರು. ಶರಣಾದವರಿಗೆ ಪ್ಯಾಕೇಜ್ ಇದೆ, ಪುನರ್ವಸತಿ ಸಮಿತಿ ಇದೆ. ಆ ಪೊಲೀಸರ ಹೆಂಡತಿ ಮಕ್ಕಳಿಗೆ ‘ನಿಮಗೆ ಅನ್ಯಾಯ ಮಾಡಿದೆವು’ ಎಂದು ಎದುರು ಕೂತು ಹೇಳುವ ವ್ಯವಸ್ಥೆ ಎಲ್ಲಿದೆ? ಪಶ್ಚಾತ್ತಾಪ ಸಲ್ಲಬೇಕಾದ್ದು ಅವರಿಗೆ, ಟಿ.ವಿ. ನೋಡುವ ನಮಗಲ್ಲ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. ಲೋಕ ಅದಾಲತ್ ಕೂರಿಸಿ ಚೆಕ್ ಬೌನ್ಸ್ ಕೇಸು ರಾಜಿ ಮಾಡಿಸುತ್ತವೆ. ತೀರ್ಪಾದ ಮೇಲೆ, ಇಬ್ಬರೂ ಒಪ್ಪಿದರೆ, ತಪ್ಪು ಮಾಡಿದವರನ್ನೂ ನೊಂದವರನ್ನೂ ಒಂದು ಕೋಣೆಯಲ್ಲಿ ಕೂರಿಸುವ ಕೆಲಸ ಅವುಗಳಿಂದಲೇ ಶುರುವಾಗಲಿ. ಶಿಕ್ಷೆಯಲ್ಲಿ ಒಂದು ದಿನವೂ ಕಡಿಮೆಯಾಗದು ಎಂದು ಮೊದಲೇ ಬರೆದುಕೊಟ್ಟು.